ಮಂಜುಗಡ್ಡೆಗೆ ಬೈರಿಗೆ ಕೊಳ್ಳುವ ಮುನ್ನ

ಎಂವಿಪಿ ಕಾಲೋನಿಯವರಿಗೆ ಮೀನಿಗೂ ಐಸಿಗೂ ಇರುವ ನಂಟು ಹೊಸದೇನಲ್ಲ. ಪಕ್ಕದಲ್ಲೇ ಪೆದ್ದ ಜಾಲಾರಿಪೇಟ, ಇನ್ನಷ್ಟು ದಕ್ಷಿಣಕ್ಕೆ ಹೋದರೆ ಮೀನುಗಾರಿಕೆ ಬಂದರು. ಅಲ್ಲಿ ಐಸ್ ದಿಮ್ಮಿಗಳನ್ನು ಯಂತ್ರಕ್ಕೆ ಕೊಟ್ಟು ಪುಡಿ ಮಾಡಿ ಬೋಟಿನ ಹೊಟ್ಟೆಗೆ ತುಂಬುತ್ತಾರೆ. ನಮ್ಮ ವಿಶಾಖಪಟ್ಟಣದಲ್ಲಿ ಐಸು ಮೀನನ್ನು ಹುಡುಕಿಕೊಂಡು ಸಮುದ್ರಕ್ಕೆ ಹೋಗುತ್ತದೆ. ಅಮೆರಿಕದ ಮಿನ್ನೆಸೋಟದಲ್ಲಿ ಹಾಗಲ್ಲ. ಅಲ್ಲಿ ಐಸು ತಾನಾಗಿ ಬಂದು ಮೀನಿನ ನೆತ್ತಿಯ ಮೇಲೆ ಕೂರುತ್ತದೆ. ಮನುಷ್ಯ ಆ ಐಸಿನ ಮೇಲೆ ಕುರ್ಚಿ ಹಾಕಿಕೊಂಡು ಕೂತು, ಅದಕ್ಕೊಂದು ತೂತು ಕೊರೆದು, ಗಾಳ ಇಳಿಬಿಡುತ್ತಾನೆ. ಇದನ್ನು ನಮ್ಮ ಪಕ್ಕದ ಮನೆಯವರಿಗೆ ಹೇಳಿದಾಗ ಅವರು ನಂಬಲಿಲ್ಲ. "ಐಸ್ ಮೀದ ನಿಲಬಡಿ ಚೇಪಲು ಪಡತಾರಾ?" ಎಂದು ನಕ್ಕರು. ಫೋಟೋ ತೋರಿಸಿದ ಮೇಲೆ ನಗು ನಿಂತಿತು, ಆದರೆ ನಂಬಿಕೆ ಬಂದಂತೆ ಕಾಣಲಿಲ್ಲ.

ನಮ್ಮ ಓದುಗರಲ್ಲಿ ಬಹಳ ಜನರ ಮಕ್ಕಳು ಮಿನ್ನೆಸೋಟ, ವಿಸ್ಕಾನ್ಸಿನ್, ಕೆನಡಾದ ಆಲ್ಬರ್ಟಾ, ಮ್ಯಾನಿಟೋಬಾ ಕಡೆ ಇದ್ದಾರೆ. ಮೊದಲ ಎರಡು ಚಳಿಗಾಲ ಅವರು ಮನೆಯೊಳಗೆ ಹೀಟರ್ ಮುಂದೆ ಕೂತು ಕಳೆಯುತ್ತಾರೆ. ಮೂರನೆಯದಕ್ಕೆ ಆಫೀಸಿನ ಗೆಳೆಯರು ಯಾರಾದರೂ ಕರೆದುಕೊಂಡು ಹೋಗುತ್ತಾರೆ. ನಾಲ್ಕನೆಯದಕ್ಕೆ ಇವರೇ ಸಾಮಾನು ಕೊಳ್ಳಲು ಹೊರಡುತ್ತಾರೆ. ಆ ಸಾಮಾನಿನಲ್ಲಿ ದುಬಾರಿಯಾದದ್ದು, ತಲೆಕೆಡಿಸುವಂಥದ್ದು ಆಗರ್, ಅಂದರೆ ಐಸು ಕೊರೆಯುವ ಬೈರಿಗೆ. ಈಗ ಬ್ಯಾಟರಿಯಲ್ಲಿ ತಿರುಗುವವೇ ಹೆಚ್ಚು ಮಾರಾಟಕ್ಕಿವೆ. ನನಗೆ ಗಾಳ ಹಾಕುವುದು ಗೊತ್ತಿಲ್ಲ, ಮೀನಿನ ರುಚಿಯೂ ಗೊತ್ತಿಲ್ಲ. ಆದರೆ ಬಳ್ಳಾರಿಯಿಂದ ಬಂದು ಇಲ್ಲಿನ ಮೆಷಿನ್ ಶಾಪಿನಲ್ಲಿ ಕೂದಲು ಬೆಳ್ಳಗಾಗುವವರೆಗೆ ಕಬ್ಬಿಣಕ್ಕೆ ತೂತು ಕೊರೆದವನು ನಾನು. ಮಗಳ ಮನೆಗೆ ಹೋದಾಗ ಎರಡು ಚಳಿಗಾಲ ಐಸಿನ ಮೇಲೂ ನಿಂತು ನೋಡಿದ್ದೇನೆ. ಅಷ್ಟರ ಮೇಲೆ ಈ ಬರಹ.

ಅಳಿಯ ಮಲ್ಪೆ ಕಡೆಯವನು. ಮೀನು ಎಂದರೆ ಅವನಿಗೆ ಊರೇ ಕಣ್ಮುಂದೆ ಬರುತ್ತದೆ. ಹೋದ ನವೆಂಬರಿನಲ್ಲಿ ಫೋನ್ ಮಾಡಿದ. "ಮಾವ, 40 ವೋಲ್ಟಿನದ್ದು ಒಂದು ನೋಡಿದ್ದೇನೆ, ಹತ್ತು ಇಂಚಿನದ್ದು. ಹೇಗೆ, ಆಗಬಹುದಾ?" ಹಿಂದಿನಿಂದ ಮಗಳ ದನಿ ಕೇಳಿಸಿತು. "ಅಪ್ಪಾ, ಐಸು ಎಷ್ಟು ದಪ್ಪ ಇರಬೇಕು ಅಂತ ಮೊದಲು ಕೇಳು ಅವರನ್ನ. ಈ ಸಲ ಪುಟ್ಟನ್ನೂ ಕರ್ಕೊಂಡು ಹೋಗ್ತಾರಂತೆ." ಪುಟ್ಟನಿಗೆ ಆರು ವರ್ಷ. ಇಬ್ಬರ ಪ್ರಶ್ನೆಯೂ ಸರಿ. ಅಂಗಡಿಯವರು ಅಳಿಯನ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತಾರೆ. ಹಾಗಾಗಿ ಎರಡನ್ನೂ ಸೇರಿಸಿ ಲೆಕ್ಕ ಹಾಕಲು ಕೂತೆವು.

ಯಂತ್ರ ನೋಡುವ ಮೊದಲು ತೂತು ನೋಡಬೇಕು. ಇದು ಯಾವ ಬೈರಿಗೆಗೂ ಹೊಂದುವ ಮಾತು. ಐಸ್ ಆಗರುಗಳು ಸಾಮಾನ್ಯವಾಗಿ 6, 8, 10 ಇಂಚು ಅಗಲದ ತೂತಿಗೆ ಬರುತ್ತವೆ. ಆರಕ್ಕೂ ಹತ್ತಕ್ಕೂ ನಾಲ್ಕೇ ಇಂಚು ವ್ಯತ್ಯಾಸ ಎಂದು ತೋರುತ್ತದೆ. ಆದರೆ ಕೊರೆಯುವುದು ಗೆರೆಯನ್ನಲ್ಲ, ವೃತ್ತವನ್ನು. 20 ಇಂಚು ದಪ್ಪದ ಐಸಿನಲ್ಲಿ 6 ಇಂಚಿನ ತೂತು ತೆಗೆದರೆ ಸುಮಾರು ಎಂಟೂವರೆ ಕಿಲೋ ಐಸು ಹೊರಗೆ ಬರುತ್ತದೆ. 8 ಇಂಚಿನದಾದರೆ 15 ಕಿಲೋ. 10 ಇಂಚಿನದಾದರೆ ಇಪ್ಪತ್ತಮೂರು ಕಿಲೋ ದಾಟುತ್ತದೆ. ಅಂದರೆ ಆರಿಂಚಿನ ಮೂರು ತೂತಿನ ಶ್ರಮ ಹತ್ತಿಂಚಿನ ಒಂದೇ ತೂತಿಗೆ ಹೋಗುತ್ತದೆ. ಬ್ಯಾಟರಿ ಖರ್ಚೂ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ.

ಹಾಗಾದರೆ ಹತ್ತಿಂಚು ಯಾರಿಗೆ? ದೊಡ್ಡ ನಾರ್ದರ್ನ್ ಪೈಕ್, ಲೇಕ್ ಟ್ರೌಟ್ ಹಿಡಿಯುವವರಿಗೆ. ವಾಲ್‌ಐ ಮೀನಿನ ಹಿಂದೆ ಬಿದ್ದವರು ಎಂಟಕ್ಕೆ ನಿಲ್ಲುತ್ತಾರೆ. ಕ್ರಾಪಿ, ಬ್ಲೂಗಿಲ್, ಪರ್ಚ್‌ನಂಥ ಬಾಣಲೆ ಮೀನಿಗೆ ಆರು ಧಾರಾಳ. ಆರಿಂಚಿನ ತೂತಿನ ಸುತ್ತಳತೆ ಹತ್ತಿರ ಹತ್ತಿರ 19 ಇಂಚು. ಸುಮಾರು ದೊಡ್ಡ ವಾಲ್‌ಐ ಕೂಡ ಅದರಲ್ಲಿ ತೂರಿ ಬರುತ್ತದೆ. ಅದರ ತಲೆಯನ್ನು ತೂತಿನ ಬಾಯಿಗೆ ನೇರ ಮಾಡಿ ತರುವುದಷ್ಟೇ ಕಷ್ಟ. ಅಲ್ಲಿ ಎಂಟಿಂಚಿದ್ದರೆ ಸಲೀಸು. ಇನ್ನು ಹನ್ನೆರಡಕ್ಕೆ ಮೇಲೆ ಯಾರೂ ಯೋಚಿಸಬೇಕಾಗಿಲ್ಲ. ವಿಸ್ಕಾನ್ಸಿನ್ನಿನಲ್ಲಂತೂ 12 ಇಂಚು ಮೀರಿದ ತೂತಿನಲ್ಲಿ ಗಾಳ ಹಾಕಲು ಕಾನೂನೇ ಬಿಡುವುದಿಲ್ಲ.

ನಾನು ಇನ್ನೊಂದು ಅಳತೆ ತೆಗೆದೆ, ಅದು ಯಾವ ಜಾಹೀರಾತಿನಲ್ಲೂ ಇಲ್ಲ. ಮಗಳಿಗೆ ಪುಟ್ಟನ ಹಿಮದ ಬೂಟಿನ ಉದ್ದ ಅಳೆಯಲು ಹೇಳಿದೆ. 22 ಸೆಂಟಿಮೀಟರ್. ಹತ್ತಿಂಚಿನ ತೂತಿನ ಅಗಲ 25 ಸೆಂಟಿಮೀಟರ್. ಬೂಟು ಹೇಗೆ ಇಟ್ಟರೂ ಒಳಗೆ ಇಳಿಯುತ್ತದೆ. ಎಂಟಿಂಚು ಅಂದರೆ 20, ತುದಿ ಬಗ್ಗಿದರೆ ಅದರಲ್ಲೂ ಇಳಿದೀತು. ಆರಿಂಚು ಅಂದರೆ 15. ಅಡ್ಡಲಾಗಿ ಸಿಕ್ಕಿಕೊಂಡು ನಿಲ್ಲುವ ಸಂಭವ ಹೆಚ್ಚು. ಮೀನು ಹಿಡಿಯುವ ಜಾಗದಲ್ಲಿ ಹತ್ತು ಹದಿನೈದು ತೂತುಗಳಿರುತ್ತವೆ. ಅವುಗಳ ಮೇಲೆ ತೆಳ್ಳಗೆ ಹಿಮ ಉದುರಿದರೆ ಎಲ್ಲಿ ತೂತು, ಎಲ್ಲಿ ನೆಲ ಎಂದು ದೊಡ್ಡವರಿಗೇ ತಿಳಿಯುವುದಿಲ್ಲ. ಓಡಾಡುವ ಹುಡುಗನನ್ನು ಕರೆದುಕೊಂಡು ಹೋಗುವ ಮನೆಗೆ ಹತ್ತಿಂಚು ಬೇಡವೇ ಬೇಡ ಎಂದೆ. ಅಳಿಯ ಹತ್ತನ್ನು ಬಿಟ್ಟ. ಎಂಟೋ ಆರೋ ಎನ್ನುವುದು ಉಳಿಯಿತು.

ಇನ್ನು ಯಂತ್ರ. ವಿದ್ಯುತ್ ಆಗರುಗಳಲ್ಲಿ ಎರಡು ಮನೆತನ. ಒಂದು, ಮೋಟಾರು, ಹಿಡಿ, ಬ್ಯಾಟರಿ, ಸುರುಳಿ ಎಲ್ಲ ಸೇರಿ ಐಸಿಗೆಂದೇ ಹುಟ್ಟಿದ್ದು. ಸ್ಟ್ರೈಕ್‌ಮಾಸ್ಟರ್, ಐಯಾನ್, ಎಸ್ಕಿಮೊ, ಜಿಫಿ ಎಂಬ ಹೆಸರುಗಳು ಇಲ್ಲಿ ಕೇಳಿಬರುತ್ತವೆ. ಬೆಲೆ ಸಲೀಸಾಗಿ 500 ಡಾಲರ್ ದಾಟುತ್ತದೆ. ತೂಕ ಏಳೆಂಟು ಕಿಲೋ. ಎರಡು ಕೈಯಲ್ಲಿ ಹಿಡಿಯುವ ಅಗಲವಾದ ಹಿಡಿ ಇರುವುದರಿಂದ ಹಿಡಿತ ಭದ್ರ. ಇನ್ನೊಂದು ಮನೆತನ ಎಂದರೆ, ಮನೆಯಲ್ಲಿ ಗೋಡೆಗೆ ತೂತು ಹಾಕಲು ಇಟ್ಟುಕೊಂಡ ಬ್ಯಾಟರಿ ಡ್ರಿಲ್ಲಿಗೆ ಐಸ್ ಕೊರೆಯುವ ಸುರುಳಿಯನ್ನು ಸಿಕ್ಕಿಸುವುದು. ಕೆ-ಡ್ರಿಲ್, ಪಿಸ್ಟಲ್ ಬಿಟ್ ಎಂಬವು ಈ ಜಾತಿ. ಡ್ರಿಲ್ಲು ಹೇಗೂ ಇದ್ದರೆ ಖರ್ಚು ಅರ್ಧಕ್ಕಿಂತ ಕಡಿಮೆ, ತೂಕ ಎಲ್ಲ ಸೇರಿ ಐದು ಕಿಲೋ ಆಸುಪಾಸು. ಸ್ಲೆಡ್ಜ್ ಎಳೆದುಕೊಂಡು ಅರ್ಧ ಮೈಲಿ ನಡೆಯುವವನಿಗೆ ಆ ಮೂರು ಕಿಲೋ ಸಣ್ಣದಲ್ಲ.

ವಾರದ ಕೊನೆಯಲ್ಲಿ ನಡೆದು ಹೋಗಿ, ನಾಲ್ಕು ಗಂಟೆ ಕೂತು, ಸಂಜೆಗೆ ಮನೆ ಸೇರುವ ನಮ್ಮ ಮಕ್ಕಳಂಥವರಿಗೆ ಡ್ರಿಲ್ಲಿನ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಮೂರಡಿ ಐಸಿನಲ್ಲಿ ದಿನಕ್ಕೆ ಐವತ್ತು ತೂತು ಕೊರೆಯುತ್ತಾ ಕೆರೆಯೆಲ್ಲ ಅಲೆಯುವ ಹುಚ್ಚರಿಗೆ ಐಸಿನ ಯಂತ್ರವೇ ಬೇಕು. ಅವರಿಗೆ ನನ್ನ ಸಲಹೆಯೂ ಬೇಕಿಲ್ಲ.

ಆದರೆ ಯಾವ ಡ್ರಿಲ್ಲಾದರೂ ಆಗುವುದಿಲ್ಲ. ಬ್ರಷ್‌ಲೆಸ್ ಮೋಟಾರು ಇರಬೇಕು, ಅರ್ಧ ಇಂಚಿನ ಚಕ್ ಇರಬೇಕು, ಟಾರ್ಕ್ ಅಂದರೆ ತಿರುಚುವ ಬಲ 700 ಇಂಚ್-ಪೌಂಡ್‌ ಮೇಲಿರಬೇಕು. ಗೇರು ಒಂದರಲ್ಲೇ ಇರಬೇಕು, ಹ್ಯಾಮರ್ ಮೋಡ್ ಬಂದ್ ಆಗಿರಬೇಕು. ಎಲ್ಲಕ್ಕಿಂತ ಮುಖ್ಯ, ಪಕ್ಕದ ಹಿಡಿ. ಡ್ರಿಲ್ಲಿನ ಡಬ್ಬಿಯಲ್ಲಿ ಬಂದ ಆ ಹಿಡಿಯನ್ನು ನೂರಕ್ಕೆ ತೊಂಬತ್ತು ಜನ ತೆಗೆದು ಅಟ್ಟಕ್ಕೆ ಹಾಕಿರುತ್ತಾರೆ. ಅದನ್ನು ಹುಡುಕಿ ತನ್ನಿ. ಲೆಕ್ಕ ಹೇಳುತ್ತೇನೆ: 700 ಇಂಚ್-ಪೌಂಡ್ ಎಂದರೆ ಸುಮಾರು 80 ನ್ಯೂಟನ್ ಮೀಟರ್. ಅಲಗು ಐಸಿನಲ್ಲಿ ಕಚ್ಚಿ ನಿಂತಿತು ಅನ್ನಿ. ಆಗ ಸುರುಳಿಯ ಬದಲು ಡ್ರಿಲ್ಲು ತಿರುಗಲು ನೋಡುತ್ತದೆ. 30 ಸೆಂಟಿಮೀಟರ್ ದೂರದಲ್ಲಿ ಪಕ್ಕದ ಹಿಡಿ ಹಿಡಿದಿದ್ದರೆ ನಿಮ್ಮ ಕೈಗೆ 27 ಕಿಲೋ ಒತ್ತಡ ಬರುತ್ತದೆ. ತಡೆಯಬಹುದು. ಹಿಡಿ ಇಲ್ಲದೆ ಬರೀ ಡ್ರಿಲ್ಲಿನ ಹಿಂಭಾಗವನ್ನು 15 ಸೆಂಟಿಮೀಟರ್‌ನಲ್ಲಿ ಹಿಡಿದಿದ್ದರೆ 54 ಕಿಲೋ, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಮಣಿಕಟ್ಟು ಉಳಿಯುವುದು ಕಷ್ಟ. ತೂತು ದೊಡ್ಡದಾದಷ್ಟೂ ಹೀಗೆ ಕಚ್ಚಿಕೊಳ್ಳುವುದು ಹೆಚ್ಚು. ಡ್ರಿಲ್ಲಿಗೆ ಹತ್ತಿಂಚಿನ ಸುರುಳಿ ಹಾಕುವವರ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ.

ಮೇಲಿಂದ ಭಾರ ಹಾಕಿ ಒತ್ತುವ ಅಭ್ಯಾಸವೂ ಬೇಡ. ಹರಿತವಾದ ಅಲಗು ತಾನೇ ಇಳಿಯುತ್ತದೆ. ಒತ್ತಬೇಕಾಗಿ ಬಂದರೆ ಅಲಗು ಮೊಂಡಾಗಿದೆ ಎಂದರ್ಥ. ಒತ್ತಿದಷ್ಟೂ ಮೋಟಾರು ಕಾಯುತ್ತದೆ. ಮೈನಸ್ 20 ಡಿಗ್ರಿಯಲ್ಲೂ ಡ್ರಿಲ್ಲಿನಿಂದ ಹೊಗೆ ಬಂದ ಉದಾಹರಣೆ ಬೇಕಾದಷ್ಟಿದೆ.

ವೋಲ್ಟಿನ ವಿಷಯದಲ್ಲಿ ಜಾಹೀರಾತಿನವರ ಜಾಣತನ ಗೊತ್ತಿರಲಿ. 18 ವೋಲ್ಟ್ ಎಂದು ಒಬ್ಬ ಬರೆಯುತ್ತಾನೆ, 20 ವೋಲ್ಟ್ ಮ್ಯಾಕ್ಸ್ ಎಂದು ಇನ್ನೊಬ್ಬ ಬರೆಯುತ್ತಾನೆ. ಒಳಗೆ ಇಬ್ಬರದೂ ಸಾಲಾಗಿ ಜೋಡಿಸಿದ ಅದೇ ಐದು ಲಿಥಿಯಂ ಸೆಲ್ಲು. ಪೂರ್ತಿ ಚಾರ್ಜ್ ಆದಾಗ 20, ಕೆಲಸ ಮಾಡುವಾಗ ಸರಾಸರಿ 18. ಹಾಗಾಗಿ ಬರೀ ವೋಲ್ಟ್ ನೋಡಿ ಮರುಳಾಗಬಾರದು. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವ್ಯಾಟ್-ಅವರ್ ಬರುತ್ತದೆ. ಅದೇ ಬ್ಯಾಟರಿಯ ಹೊಟ್ಟೆಯ ನಿಜವಾದ ಅಳತೆ. 18 ವೋಲ್ಟ್, 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 90 ವ್ಯಾಟ್-ಅವರ್. 40 ವೋಲ್ಟಿನದರಲ್ಲಿ 200. ತಯಾರಕರು "ಒಂದು ಚಾರ್ಜಿಗೆ ಇಷ್ಟು ಇಂಚು ಐಸು" ಎಂದು ಬರೆದಿರುತ್ತಾರೆ. ಆ ಸಂಖ್ಯೆಯನ್ನು ನಿಮ್ಮ ಕೆರೆಯ ಐಸಿನ ದಪ್ಪದಿಂದ ಭಾಗಿಸಿ, ಬಂದದ್ದನ್ನು ಮತ್ತೆ ಅರ್ಧ ಮಾಡುವುದು ನನ್ನ ಪದ್ಧತಿ. ಅರ್ಧ ಏಕೆಂದರೆ ಚಳಿ. ಲಿಥಿಯಂ ಬ್ಯಾಟರಿ ಚಳಿಯಲ್ಲಿ ಸಪ್ಪಗಾಗುತ್ತದೆ. ಒಳಗೆ ಶಕ್ತಿ ಇದ್ದರೂ ಹೊರಗೆ ಕೊಡಲು ಒಲ್ಲೆ ಎನ್ನುತ್ತದೆ. ಬ್ಯಾಟರಿಯನ್ನು ಡ್ರಿಲ್ಲಿನಿಂದ ಬಿಡಿಸಿ ಜಾಕೆಟ್ಟಿನ ಒಳಜೇಬಿನಲ್ಲಿ, ಮೈಶಾಖಕ್ಕೆ ಇಟ್ಟುಕೊಂಡು ಹೋಗಿ, ಕೊರೆಯುವಾಗ ಮಾತ್ರ ಸಿಕ್ಕಿಸಬೇಕು. ಮನೆಗೆ ಬಂದ ಕೂಡಲೇ ಚಾರ್ಜಿಗೂ ಹಾಕಬಾರದು. ಸೊನ್ನೆ ಡಿಗ್ರಿಗಿಂತ ತಣ್ಣಗಿರುವ ಲಿಥಿಯಂ ಸೆಲ್ಲಿಗೆ ಚಾರ್ಜ್ ಕೊಟ್ಟರೆ ಒಳಗೆ ಲೋಹ ಪದರಗಟ್ಟಿ ಅದು ಕಾಯಂ ಆಗಿ ಕೆಡುತ್ತದೆ. ಒಂದೆರಡು ಗಂಟೆ ಮನೆಯ ಬಿಸಿಗೆ ಹೊಂದಿಕೊಳ್ಳಲಿ, ಊಟ ಮುಗಿಯಲಿ, ಆಮೇಲೆ ಚಾರ್ಜರ್.

ಪೆಟ್ರೋಲ್ ಆಗರುಗಳು ಇನ್ನೂ ಇವೆ. ಹದಿಮೂರು ಹದಿನಾಲ್ಕು ಕಿಲೋ ತೂಗುತ್ತವೆ. ಚಳಿಗೆ ಜಗ್ಗುವುದಿಲ್ಲ ಎಂದು ಹಳಬರು ಈಗಲೂ ಅವನ್ನೇ ಹೊಗಳುತ್ತಾರೆ. ಆದರೆ ಐಸಿನ ಮೇಲೆ ಜನ ಸಣ್ಣ ಡೇರೆ ಹಾಕಿಕೊಂಡು ಒಳಗೆ ಕೂರುತ್ತಾರೆ. ಆ ಡೇರೆಯೊಳಗೆ ಪೆಟ್ರೋಲ್ ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬ್ಯಾಟರಿಯದು ಆ ಭಯವಿಲ್ಲದೆ ಡೇರೆಯೊಳಗೇ ಓಡುತ್ತದೆ. ನನ್ನ ಮಟ್ಟಿಗೆ ಅದೊಂದೇ ಕಾರಣ ಸಾಕು. ಗ್ಯಾಸ್ ಹೀಟರ್ ಹಚ್ಚುವವರಿಗೆ ಮಾನಾಕ್ಸೈಡಿನ ಅಪಾಯ ಹೇಗೂ ಇದ್ದೇ ಇದೆ. ಡೇರೆಯ ಗಾಳಿಕಿಂಡಿ ತೆರೆದಿಡಿ, ಬ್ಯಾಟರಿಯಿಂದ ನಡೆಯುವ ಅಲಾರಂ ಒಂದನ್ನು ಒಳಗೆ ನೇತುಹಾಕಿ.

ಅಲಗಿನ ಬಗ್ಗೆ ಮಾತ್ರ ನಾನು ಹೆಚ್ಚು ಹೊತ್ತು ಮಾತಾಡಿದರೆ ಕ್ಷಮಿಸಬೇಕು, ಹಳೆಯ ಕಸುಬು. ಐಸಿನ ಅಲಗು ಎರಡು ಬಗೆ. ಒಂದು ನಮ್ಮ ಬಡಗಿಯ ಉಜ್ಜುಗೊರಡಿನ ಹಾಗೆ, ಉದ್ದಕ್ಕೂ ಒಂದೇ ಸಮನಾದ ಬಾಯಿ. ತೆಳ್ಳಗೆ ಹೆರೆಯುತ್ತಾ ಹೋಗುತ್ತದೆ. ಹೊಸ, ಶುಭ್ರ ಐಸಿನಲ್ಲಿ ಇದರ ವೇಗಕ್ಕೆ ಎಣೆಯಿಲ್ಲ. ಇನ್ನೊಂದಕ್ಕೆ ಹಲ್ಲುಗಳಿವೆ. ಹೆರೆಯುವುದಿಲ್ಲ, ಚಕ್ಕೆ ಎಬ್ಬಿಸುತ್ತದೆ. ಸ್ವಲ್ಪ ನಿಧಾನ, ಸ್ವಲ್ಪ ಕುಲುಕಾಟ. ಆದರೆ ನಿನ್ನೆ ಕೊರೆದು ಮತ್ತೆ ಹೆಪ್ಪುಗಟ್ಟಿದ ತೂತನ್ನು ಬಿಡಿಸಲು, ಮಣ್ಣುಮರಳು ಸೇರಿದ ಐಸು ಕೊರೆಯಲು ಇದೇ ವಾಸಿ. ಹೆರೆಯುವ ಅಲಗನ್ನು ಹಳೆಯ ತೂತಿಗೆ ಇಳಿಸಿದರೆ ಅದು ಅಂಚಿಗೆ ಕಚ್ಚಿಕೊಂಡು ಕೈ ತಿರುಚುತ್ತದೆ. ನೀವು ಪ್ರತಿಸಲ ಹೊಸ ಜಾಗದಲ್ಲಿ ಕೊರೆಯುವವರಾದರೆ ಹೆರೆಯುವುದು, ಒಂದೇ ಗುಡಾರದಲ್ಲಿ ವಾರಗಟ್ಟಲೆ ಇರುವವರಾದರೆ ಹಲ್ಲಿನದು. ಯಾವುದೇ ಆದರೂ ಅದರ ಬದಲಿ ಅಲಗು ಸುಲಭವಾಗಿ ಸಿಗುತ್ತದೆಯೇ, ಎರಡೇ ಸ್ಕ್ರೂ ಬಿಚ್ಚಿ ಬದಲಿಸಬಹುದೇ ಎಂದು ಕೊಳ್ಳುವಾಗಲೇ ನೋಡಿ. ಅಲಗಿನ ಮೇಲೆ ಮುಚ್ಚುವ ಗಟ್ಟಿ ಕವಚವೂ ಇರಬೇಕು. ಕಾರಿನ ಡಿಕ್ಕಿಯಲ್ಲಿ ಕೈಯಾಡಿಸುವ ಮಕ್ಕಳಿದ್ದಾರೆ.

ಇದೇ ಸುರುಳಿಯನ್ನು ಊರಿಗೆ ತಂದರೆ ತೋಟದಲ್ಲಿ ಕಾಳುಮೆಣಸಿನ ಬಳ್ಳಿಗೆ ಗುಂಡಿ ತೆಗೆಯಬಹುದಲ್ಲ ಎಂದು ಅಳಿಯನ ಅಣ್ಣ ಕೇಳಿದರಂತೆ. ಆಗುವುದಿಲ್ಲ. ಮಣ್ಣು ಕೊರೆಯುವ ಆಗರಿನ ಮೂತಿಯೇ ಬೇರೆ. ಅದು ಕಲ್ಲು, ಬೇರು ಸಿಕ್ಕೀತು ಎಂದು ಗೊತ್ತಿದ್ದೇ ಮಾಡಿದ ದಪ್ಪ ಹಲ್ಲು. ಐಸಿನ ಅಲಗು ಒಂದು ಹಿಡಿ ಮರಳು ಕಂಡರೂ ಮೊಂಡಾಗುತ್ತದೆ. ಕೆರೆಯ ಅಂಚಿನಲ್ಲಿ, ಆಳವಿಲ್ಲದ ಕಡೆ ಕೊರೆಯುವಾಗ ತಳ ಮುಟ್ಟಿಸಿ ಅಲಗು ಕಳೆದುಕೊಂಡವರು ಬಹಳ. ಡ್ರಿಲ್ಲನ್ನು ಬೇಕಾದರೆ ಊರಿಗೆ ತನ್ನಿ, ಸುರುಳಿ ಬೇಡ. ತರುವುದಾದರೂ ವಿಮಾನದ ನಿಯಮ ನೆನಪಿರಲಿ: ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್‌ಇನ್ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ. 100 ವ್ಯಾಟ್-ಅವರ್ ಒಳಗಿದ್ದರೆ ತೊಂದರೆಯಿಲ್ಲ. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದೂ ಎರಡೇ. 160 ಮೀರಿದರೆ ಪ್ರಯಾಣಿಕರ ವಿಮಾನಕ್ಕೆ ಹತ್ತಿಸುವುದೇ ಇಲ್ಲ. ಮೇಲೆ ಹೇಳಿದ 90ರ ಬ್ಯಾಟರಿ ಬರುತ್ತದೆ, 200ರದು ಬರುವುದಿಲ್ಲ.

ಈಗ ಮಗಳ ಪ್ರಶ್ನೆ.

ಮಿನ್ನೆಸೋಟದಲ್ಲಿ ಡಿಎನ್‌ಆರ್ ಎಂದೇ ಎಲ್ಲರೂ ಕರೆಯುವ ನೈಸರ್ಗಿಕ ಸಂಪನ್ಮೂಲ ಇಲಾಖೆ ಪ್ರತಿ ಚಳಿಗಾಲಕ್ಕೂ ಹೇಳುವುದು ಇದು: ನಡೆದು ಹೋಗಲು ಹೊಸದಾಗಿ ಕಟ್ಟಿದ, ತಿಳಿಯಾದ ಐಸು ಕನಿಷ್ಠ 4 ಇಂಚು ಇರಬೇಕು. ಬೆಳ್ಳಗೆ ಹಾಲಿನಂತೆ ಕಾಣುವ ಐಸು, ಅಂದರೆ ಹಿಮ ಬೆರೆತು ಕಟ್ಟಿದ್ದು, ಅದರ ಎರಡರಷ್ಟು ದಪ್ಪ ಬೇಕು. ಸ್ನೋಮೊಬೈಲ್, ಕಾರು, ಟ್ರಕ್ಕುಗಳಿಗೆ ಇನ್ನೂ ಹೆಚ್ಚು. ಪ್ರತಿ 150 ಅಡಿಗೆ ಒಮ್ಮೆಯಾದರೂ ಅಳೆಯುತ್ತಾ ಹೋಗಬೇಕು. ಇಷ್ಟೆಲ್ಲ ಹೇಳಿ ಅದೇ ಇಲಾಖೆ ಕೊನೆಗೆ, ಯಾವ ಐಸೂ ನೂರಕ್ಕೆ ನೂರು ಭದ್ರವಲ್ಲ ಎಂದೂ ಸೇರಿಸುತ್ತದೆ. ಒಂದೇ ಕೆರೆಯಲ್ಲಿ ಇಲ್ಲಿ ಒಂದಡಿ, ಇಪ್ಪತ್ತು ಹೆಜ್ಜೆ ಆಚೆ ಮೂರೇ ಇಂಚು ಇರಬಹುದು. ಕೆಳಗೆ ಊಟೆ ಇದ್ದರೆ, ತೊರೆ ಬಂದು ಸೇರುವ ಜಾಗವಾದರೆ, ಮೇಲೆ ಹಿಮ ಕಂಬಳಿಯಂತೆ ಹೊದ್ದಿದ್ದರೆ ಐಸು ಅಲ್ಲಿ ತೆಳ್ಳಗಿರುತ್ತದೆ.

ವಿದ್ಯುತ್ ಆಗರಿನ ಒಂದು ಗುಣವೇ ಇಲ್ಲಿ ದೋಷವಾಗುತ್ತದೆ ಎಂದು ನನಗೆ ಅನಿಸಿದ್ದು. ಅದು ಕೆಲಸವನ್ನು ಎಷ್ಟು ಹಗುರ ಮಾಡುತ್ತದೆಂದರೆ, ನಾಲ್ಕು ಸೆಕೆಂಡಿನಲ್ಲಿ ತೂತು ಬಿದ್ದರೂ ಹತ್ತು ಸೆಕೆಂಡಿನಲ್ಲಿ ಬಿದ್ದರೂ ಕೈಗೆ ವ್ಯತ್ಯಾಸ ತಿಳಿಯುವುದಿಲ್ಲ. ಅದಲ್ಲದೆ ಆಗರು ನೀವು ನಿಂತ ಜಾಗದ ಐಸನ್ನು ಅಳೆಯುತ್ತದೆ, ನೀವು ಕಾಲಿಡಲಿರುವ ಜಾಗದ್ದನ್ನಲ್ಲ. ಅದಕ್ಕೆ ಬೇಕಾದದ್ದು ಹಾರೆ. ನಮ್ಮ ಹೊಲದ ಹಾರೆಯ ತಮ್ಮನಂಥದ್ದೇ, ತುದಿ ಉಳಿಯಂತೆ ಚೂಪು. ಒಂದೊಂದು ಹೆಜ್ಜೆಗೂ ಮುಂದಿನ ಐಸನ್ನು ಬಲವಾಗಿ ಕುಟ್ಟುತ್ತಾ ನಡೆಯಬೇಕು. ಒಂದೆರಡು ಏಟಿಗೆ ತೂತು ಬಿದ್ದರೆ, ನೀರು ಜಿನುಗಿದರೆ, ಬಂದ ಹೆಜ್ಜೆಯಲ್ಲೇ ಹಿಂದಕ್ಕೆ. ಸದ್ದೂ ಹೇಳುತ್ತದೆ: ಗಟ್ಟಿ ಐಸು ಟಣ್ ಎನ್ನುತ್ತದೆ, ಪೊಳ್ಳು ಐಸು ತೇವ ಹಲಗೆಯಂತೆ ದಬ್ ಎನ್ನುತ್ತದೆ. ಇಷ್ಟು ಕೆಲಸ ಮಾಡುವ ಹಾರೆಯ ಬೆಲೆ ಆಗರಿನ ಹತ್ತನೇ ಒಂದು ಪಾಲು. ಜನ ಆಗರಿಗೆ ಆರು ವಾರ ಹುಡುಕಾಡುತ್ತಾರೆ, ಹಾರೆ ಕೊಳ್ಳುವುದನ್ನು ಮರೆಯುತ್ತಾರೆ.

ಮಿನ್ನೆಸೋಟದ ಉತ್ತರಕ್ಕೆ ಅಪ್ಪರ್ ರೆಡ್ ಲೇಕ್ ಎಂಬ ದೊಡ್ಡ ಕೆರೆಯಿದೆ. ಬೇಗ ಹೆಪ್ಪುಗಟ್ಟುವುದರಿಂದ ಹಂಗಾಮಿನ ಮೊದಲ ಮೀನಿಗೆ ಜನ ಅಲ್ಲಿಗೇ ಮುಗಿಬೀಳುತ್ತಾರೆ. 2022ರ ನವೆಂಬರ್ 28ರಂದು ಅಲ್ಲಿ ಐಸಿನ ದೊಡ್ಡ ಹಾಳೆಯೊಂದು ದಡದಿಂದ ಕಿತ್ತುಕೊಂಡು ತೇಲಿತು, ಮೇಲೆ ಸುಮಾರು 200 ಜನ. ಎಲ್ಲರನ್ನೂ ದಡಕ್ಕೆ ತಂದರು. ಮರುವರ್ಷ, 2023ರ ಡಿಸೆಂಬರ್ 29ರಂದು ಮತ್ತದೇ ಕೆರೆ, ಮತ್ತೆ ನೂರಕ್ಕೂ ಹೆಚ್ಚು ಜನ. ಆ ಚಳಿಗಾಲ ಮಿನ್ನೆಸೋಟದ ದಾಖಲೆಯಲ್ಲೇ ಅತ್ಯಂತ ಬೆಚ್ಚಗಿನದು. ಇವರೆಲ್ಲ ನಮ್ಮ ಮಕ್ಕಳಂತೆ ಹೊಸಬರಲ್ಲ, ಬಹುಪಾಲು ಆ ನೆಲದಲ್ಲೇ ಬೆಳೆದವರು. ಅವರ ಕಾಲಕೆಳಗಿನ ಐಸು ತೂತು ಕೊರೆಯುವಷ್ಟು ಗಟ್ಟಿಯಾಗಿಯೇ ಇತ್ತು. ಬಿಟ್ಟುಕೊಂಡದ್ದು ದಡದ ಕಡೆಯ ಕೊಂಡಿ. ಗಾಳಿ ಎತ್ತ ಬೀಸುತ್ತಿದೆ ಎಂಬುದನ್ನು ಯಾವ ಆಗರೂ ಹೇಳುವುದಿಲ್ಲ.

ನೀರಿಗೆ ಬಿದ್ದರೆ ಏನು ಎಂಬುದನ್ನು ಮಗಳಿಗೆ ಹೇಳಲು ನನಗೆ ಇಷ್ಟವಿರಲಿಲ್ಲ, ಆದರೆ ಅವಳು ಕೇಳಿದಳು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರೊಫೆಸರರು ತಾವೇ ಐಸಿನ ನೀರಿಗೆ ಇಳಿದು ಇಳಿದು ಇದನ್ನು ಅಭ್ಯಾಸ ಮಾಡಿದವರು. ಅವರು ಹೇಳಿಕೊಡುವುದು ಒಂದು, ಹತ್ತು, ಒಂದು ಎಂಬ ಲೆಕ್ಕ. ಮೊದಲ ಒಂದು ನಿಮಿಷ ಏದುಸಿರು ಹತೋಟಿಗೆ ಬರುವುದಿಲ್ಲ, ಆಗ ಗಾಬರಿಯಾಗದೆ ತಲೆ ಮೇಲಿಟ್ಟುಕೊಂಡರೆ ಸಾಕು. ಆಮೇಲೆ ಹತ್ತು ನಿಮಿಷ ಕೈಕಾಲು ಮಾತು ಕೇಳುತ್ತವೆ, ಅಷ್ಟರಲ್ಲಿ ಮೇಲೆ ಬರಬೇಕು. ಚಳಿಯಿಂದಲೇ ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಆ ಹತ್ತು ನಿಮಿಷಕ್ಕೆ ಬೇಕಾದ ಸಾಮಾನು ಎರಡು. ಒಂದು ಲೈಫ್ ಜಾಕೆಟ್, ನಡೆದು ಹೋಗುವವರು ಕೋಟಿನ ಮೇಲೇ ಹಾಕಿಕೊಳ್ಳುವುದು. ಇನ್ನೊಂದು, ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಳ್ಳುವ ಎರಡು ಮರದ ಹಿಡಿ, ತುದಿಯಲ್ಲಿ ಚೂಪು ಮೊಳೆ. ಒದ್ದೆ ಐಸಿನ ಮೇಲೆ ಬರಿಗೈ ಜಾರುತ್ತದೆ, ಮೊಳೆ ಕಚ್ಚುತ್ತದೆ. ಬಂದ ದಿಕ್ಕಿಗೇ ತಿರುಗಿ, ಮೊಳೆ ಚುಚ್ಚಿ, ಕಾಲು ಬಡಿದು, ಹೊಟ್ಟೆಯ ಮೇಲೆ ಜಾರಿ ಮೇಲೆ ಬಂದು, ಏಳದೆ ಉರುಳಿಕೊಂಡೇ ದೂರ ಹೋಗಬೇಕು. ಈ ಹಿಡಿಗಳ ಬೆಲೆ ಇಪ್ಪತ್ತು ಡಾಲರಿನೊಳಗೆ. ಪುಟ್ಟನ ಅಳತೆಯ ಲೈಫ್ ಜಾಕೆಟ್ ಬಂದ ಮೇಲೆಯೇ ಅವನು ಕೆರೆಗೆ ಇಳಿಯಬೇಕು ಎಂದು ಮಗಳು ಷರತ್ತು ಹಾಕಿದಳು. ಇನ್ನೊಂದು ಷರತ್ತು ನನ್ನದು: ಡಿಸೆಂಬರಿನ ಮೊದಲ ಐಸಿಗೂ ಮಾರ್ಚಿನ ಕೊನೆಯ ಐಸಿಗೂ ಹುಡುಗ ಬೇಡ, ನಡುಗಾಲದ ಗಟ್ಟಿ ಐಸಿಗೆ ಮಾತ್ರ.

ಕೊನೆಗೆ ಅಳಿಯ ಕೊಂಡದ್ದು ಹೀಗಿದೆ. 40 ವೋಲ್ಟಿನ ಯಂತ್ರ ಬಿಟ್ಟ. ಮನೆಯಲ್ಲಿದ್ದ 18 ವೋಲ್ಟಿನ ಬ್ರಷ್‌ಲೆಸ್ ಡ್ರಿಲ್ಲಿಗೆ ಆರಿಂಚಿನ ಸುರುಳಿ, ಹೆರೆಯುವ ಅಲಗಿನದು. "ಎಂಟು ಆಗಿದ್ದರೆ ಒಳ್ಳೆಯದಿತ್ತು ಮಾವ" ಎಂದು ಈಗಲೂ ಗೊಣಗುತ್ತಾನೆ, ವಾಲ್‌ಐ ಆಸೆ. ಇನ್ನೊಂದು 5 ಆಂಪಿಯರ್-ಅವರ್ ಬ್ಯಾಟರಿ. ಸುರುಳಿಯ ತಲೆಗೆ ಅಗಲವಾದ ಒಂದು ತಟ್ಟೆ. ಚಕ್ ಸಡಿಲವಾಗಿ ಸುರುಳಿ ಕಳಚಿಕೊಂಡರೆ ಅದು ತೂತಿನ ಬಾಯಿಗೆ ಅಡ್ಡ ನಿಲ್ಲುತ್ತದೆ, ಇಲ್ಲದಿದ್ದರೆ ಕೆರೆಯ ತಳವೇ ಗತಿ. ಡ್ರಿಲ್ಲನ್ನು ಹಿಮ್ಮುಖ ತಿರುಗಿಸುವಾಗ ಈ ಭಯ ಹೆಚ್ಚು. ಒಂದು ಹಾರೆ, ಮೂವರಿಗೂ ಮೊಳೆಯ ಹಿಡಿಗಳು, ಲೈಫ್ ಜಾಕೆಟ್ಟುಗಳು, ಐವತ್ತು ಅಡಿ ಹಗ್ಗ. ಎಲ್ಲ ಸೇರಿದರೂ ಮೊದಲು ನೋಡಿದ್ದ ಯಂತ್ರಕ್ಕಿಂತ ಕಡಿಮೆಯೇ ಆಯಿತು. ಐಸಿನ ಕೆಸರು ಎತ್ತಲು ಅಂಗಡಿಯಲ್ಲಿ ಜಾಲರಿಯೊಂದನ್ನು ಮಾರುತ್ತಾರೆ. ಮಗಳು ಅದನ್ನು ಕೊಳ್ಳಗೊಡಲಿಲ್ಲ, ಬೋಂಡ ತೆಗೆಯುವ ಹಳೆಯ ಜಾಲರಿ ಸೌಟು ಕೊಟ್ಟು ಕಳಿಸಿದಳು. ಐಸು ನೀರಿಗಿಂತ ಸ್ವಲ್ಪವೇ ಹಗುರ. 20 ಇಂಚಿನ ಐಸಿನಲ್ಲಿ ತೂತು ಬಿದ್ದ ಕೂಡಲೇ ನೀರು ಮೇಲಿಂದ ಒಂದೂಮುಕ್ಕಾಲು ಇಂಚಿನವರೆಗೂ ಏರಿ ನಿಲ್ಲುತ್ತದೆ, ಪುಡಿ ಐಸೆಲ್ಲ ಅದರಲ್ಲಿ ತೇಲುತ್ತದೆ. ಆ ಕೆಸರು ಎತ್ತಲು ಬೋಂಡದ ಸೌಟು ಹೇಳಿ ಮಾಡಿಸಿದಂತಿದೆಯಂತೆ.

ಜನವರಿಯಲ್ಲಿ ಪುಟ್ಟ ಮೊದಲ ಸಲ ಹೋದ. 14 ಇಂಚು ಐಸಿತ್ತು, ಅಪ್ಪ ಹಾರೆ ಕುಟ್ಟುತ್ತಾ ಮುಂದೆ, ಇವನು ಹಿಂದೆ. ಸಿಕ್ಕಿದ್ದು ಏಳು ಪರ್ಚ್. ಅದರ ಪುಳಿಮುಂಚಿ ಮಾಡಿ ಫೋಟೋ ಕಳಿಸಿದರು. ಕೊರೆದ ತೂತುಗಳ ಪಕ್ಕದಲ್ಲೆಲ್ಲ ಪುಟ್ಟ ಗಿಡದ ಕಡ್ಡಿ ಸಿಕ್ಕಿಸಿ ಗುರುತು ಇಟ್ಟಿದ್ದನಂತೆ. ಹೊರಡುವಾಗ ಆ ಗುರುತು ಹಾಗೆಯೇ ಬಿಟ್ಟು ಬರುವುದು ಒಳ್ಳೆಯದು, ಹಿಂದೆ ಬರುವವರಿಗೆ ತೂತು ಎಲ್ಲಿದೆ ಎಂದು ತಿಳಿಯುತ್ತದೆ.

ಮನೆಗೆ ಬಂದ ಮೇಲೆ ಸುರುಳಿಯನ್ನು ಒರೆಸಿ ಒಣಗಿಸಿ, ಅಲಗಿಗೆ ತೆಳ್ಳಗೆ ಎಣ್ಣೆ ಸವರಿ, ಕವಚ ಹಾಕಿಡಬೇಕು. ಕೆರೆಗೆ ಹೋಗುವ ಹಿಂದಿನ ರಾತ್ರಿ ಅದನ್ನು ಬೆಚ್ಚಗಿನ ಮನೆಯೊಳಗೆ ಇಡದೆ ಗ್ಯಾರೇಜಿನ ಚಳಿಯಲ್ಲೇ ಇಟ್ಟರೆ ಅನುಕೂಲ. ಬಿಸಿ ಅಲಗು ಐಸು ಮುಟ್ಟಿದರೆ ಸ್ವಲ್ಪ ಕರಗಿಸಿ, ಆ ನೀರು ಅಲಗಿನ ಬಾಯಿಯಲ್ಲೇ ಮತ್ತೆ ಗಟ್ಟಿಯಾಗಿ, ಎಷ್ಟು ತಿರುಗಿಸಿದರೂ ಕಚ್ಚುವುದಿಲ್ಲ. ಹಾಗೆ ಐಸು ಹತ್ತಿದ ಅಲಗನ್ನು ನೆಲಕ್ಕೆ ಬಡಿಯಬೇಡಿ, ಬಾಯಿ ಮುರಿಯುತ್ತದೆ. ಹಳೆಯ ತೂತಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಳಿಬಿಟ್ಟರೆ ತಾನೇ ಬಿಡುತ್ತದೆ. ಏಪ್ರಿಲ್ ಹೊತ್ತಿಗೆ ಕೆರೆ ಕರಗಿದ ಮೇಲೆ ಬ್ಯಾಟರಿಗಳನ್ನು ಪೂರ್ತಿ ತುಂಬಿಸದೆ, ಪೂರ್ತಿ ಖಾಲಿಯೂ ಮಾಡದೆ, ಅರ್ಧ ಚಾರ್ಜಿನಲ್ಲಿ ತಂಪಾದ ಒಣ ಜಾಗದಲ್ಲಿ ಎತ್ತಿಡಿ. ಡ್ರಿಲ್ಲು ಮಾತ್ರ ಎತ್ತಿಡಬೇಕಾಗಿಲ್ಲ. ಮಗಳ ಮನೆಯಲ್ಲಿ ಅಡುಗೆಮನೆಯ ಎರಡು ಶೆಲ್ಫುಗಳು ಹೋದ ವರ್ಷದಿಂದ ಗೋಡೆಗೆ ಏರಲು ಕಾಯುತ್ತಿವೆ.